ಪ್ರಕೃತಿಯ ಲೆಕ್ಕ ಬರೆದ ಆಡಿಟರ್ ಜೆ. ಸಿ. ಕುಮಾರಪ್ಪ

ಮುಂಬಯಿಯಲ್ಲಿ ಕೈತುಂಬ ಆದಾಯವಿದ್ದ ಆಡಿಟರ್ ವೃತ್ತಿಯನ್ನು ತೊರೆದು ಹಳ್ಳಿಯ ಬಡವರ ಲೆಕ್ಕ ಬರೆಯಲು ಹೊರಟವರು ಗಾಂಧೀವಾದಿ ಅರ್ಥಶಾಸ್ತ್ರಜ್ಞ ಜೆ. ಸಿ. ಕುಮಾರಪ್ಪ. ಇಂದು ಎಲ್ಲೆಡೆ ಕೇಳಿಬರುತ್ತಿರುವ ಹಸಿರು ಆರ್ಥಿಕತೆಯ ವಿಚಾರವನ್ನು ಅವರು 1945ರಷ್ಟು ಹಿಂದೆಯೇ ಪುಸ್ತಕ ರೂಪದಲ್ಲಿ ಮುಂದಿಟ್ಟಿದ್ದರು.

1892ರ ಜನವರಿ 4ರಂದು ತಂಜಾವೂರಿನ ಕ್ರೈಸ್ತ ಕುಟುಂಬದಲ್ಲಿ ಜನಿಸಿದ ಅವರ ಮೊದಲ ಹೆಸರು ಜೋಸೆಫ್ ಕಾರ್ನೆಲಿಯಸ್. ಲಂಡನ್ನಿನಲ್ಲಿ ಲೆಕ್ಕಪರಿಶೋಧನೆ ಕಲಿತು ಮುಂಬಯಿಗೆ ಬಂದು ವೃತ್ತಿ ಆರಂಭಿಸಿದರು. ಬಳಿಕ ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಸಾರ್ವಜನಿಕ ಹಣಕಾಸು ವಿಷಯವನ್ನು ಅಭ್ಯಸಿಸಿದರು. ಬ್ರಿಟಿಷರ ತೆರಿಗೆ ನೀತಿಗೂ ಭಾರತದ ಬಡತನಕ್ಕೂ ಇರುವ ನಂಟು ಅಲ್ಲಿನ ಅಧ್ಯಯನದಲ್ಲಿ ಅವರಿಗೆ ಸ್ಪಷ್ಟವಾಯಿತು. 1929ರಲ್ಲಿ ಸಾಬರಮತಿಯಲ್ಲಿ ಗಾಂಧೀಜಿಯವರನ್ನು ಭೇಟಿಯಾದರು. ಸೂಟುಬೂಟು ಹೋಗಿ ಖಾದಿ ಬಂತು. ಗುಜರಾತಿನ ಖೇಡಾ ಜಿಲ್ಲೆಯ ಮಾತರ್ ತಾಲೂಕಿನ ಹಳ್ಳಿಗಳಲ್ಲಿ ರೈತರ ಆದಾಯ, ಸಾಲಗಳ ಸಮೀಕ್ಷೆ ನಡೆಸಿದರು.

1934ರ ಬಿಹಾರ ಭೂಕಂಪ ಪರಿಹಾರ ನಿಧಿಯ ಲೆಕ್ಕ ಅವರ ಕೈಯಲ್ಲಿತ್ತು. ಅಲ್ಲಿಗೆ ಬಂದ ಗಾಂಧೀಜಿಯವರ ತಂಡದ ಖರ್ಚನ್ನೂ ಆ ನಿಧಿಯಿಂದ ಕೊಡಲು ಅವರು ಒಪ್ಪಲಿಲ್ಲ. ಸಂತ್ರಸ್ತರ ಹಣ ಸಂತ್ರಸ್ತರಿಗೇ ಸೇರಬೇಕು ಎಂಬುದು ಅವರ ನಿಲುವು. ಅದೇ ವರ್ಷ ಸ್ಥಾಪನೆಯಾದ ಅಖಿಲ ಭಾರತ ಗ್ರಾಮೋದ್ಯೋಗ ಸಂಘದ ಹೊಣೆ ಅವರ ಹೆಗಲೇರಿತು. ವಾರ್ಧಾದ ಮಗನವಾಡಿಯಲ್ಲಿ ಎಣ್ಣೆಗಾಣ, ಕೊಟ್ಟಣದ ಅಕ್ಕಿ, ತಾಳೆಬೆಲ್ಲ, ಕೈಕಾಗದಗಳ ಸುಧಾರಣೆಗೆ ಪ್ರಯೋಗಗಳು ನಡೆದವು. ಒಂದು ಗಿರಣಿ ಬಂದರೆ ಎಷ್ಟು ಮನೆಗಳ ಒಲೆ ಆರುತ್ತದೆ ಎಂಬುದನ್ನೂ ಲಾಭನಷ್ಟದ ಪಟ್ಟಿಯಲ್ಲಿ ಸೇರಿಸಬೇಕೆಂಬುದು ಅವರ ವಾದವಾಗಿತ್ತು.

ಕ್ವಿಟ್ ಇಂಡಿಯಾ ಚಳವಳಿಯ ಕಾಲದಲ್ಲಿ ಜಬಲ್ಪುರ ಜೈಲಿನಲ್ಲಿದ್ದಾಗ ಬರೆದ ‘ಎಕಾನಮಿ ಆಫ್ ಪರ್ಮನೆನ್ಸ್’ ಅವರ ಮುಖ್ಯ ಕೃತಿ. ಕಲ್ಲಿದ್ದಲು, ಪೆಟ್ರೋಲಿಯಂ ತೆಗೆದಷ್ಟೂ ಬರಿದಾಗುವ ಠೇವಣಿ. ಹರಿಯುವ ನೀರು, ಬೆಳೆಯುವ ಕಾಡು ಮತ್ತೆ ಮತ್ತೆ ತುಂಬಿಬರುವ ಆದಾಯ. ಅಸಲನ್ನು ಕರಗಿಸಿ ನಡೆಸುವ ಸಂಸಾರ ಬಾಳದು, ಅಸಲಿಗಾಗಿ ನಡೆಯುವ ಪೈಪೋಟಿ ಯುದ್ಧಕ್ಕೂ ದಾರಿಮಾಡುತ್ತದೆ ಎಂಬುದು ಅದರ ತಿರುಳು.

ಸ್ವಾತಂತ್ರ್ಯಾನಂತರ ಕಾಂಗ್ರೆಸ್ಸಿನ ಭೂಸುಧಾರಣಾ ಸಮಿತಿಯ ಅಧ್ಯಕ್ಷರಾಗಿ ಉಳುವವನ ಹಕ್ಕಿನ ಪರ ವರದಿ ನೀಡಿದರು. ಆದರೆ ದೇಶ ಬೃಹತ್ ಕೈಗಾರಿಕೆಯ ಹಾದಿ ಹಿಡಿಯಿತು, ಅವರ ಮಾತಿಗೆ ಮನ್ನಣೆ ದೊರೆಯಲಿಲ್ಲ. ಬ್ರಹ್ಮಚಾರಿಯಾಗಿದ್ದ ಅವರು ಕೊನೆಯ ವರ್ಷಗಳನ್ನು ಮಧುರೈ ಸಮೀಪದ ಕಲ್ಲುಪಟ್ಟಿಯಲ್ಲಿ ಸರಳವಾಗಿ ಕಳೆದು, 1960ರ ಜನವರಿ 30ರಂದು, ಗಾಂಧೀಜಿ ಹುತಾತ್ಮರಾದ ದಿನವೇ, ನಿಧನರಾದರು.

1973ರಲ್ಲಿ ಶುಮಾಕರ್ ಅವರ ‘ಸ್ಮಾಲ್ ಈಸ್ ಬ್ಯೂಟಿಫುಲ್’ ಗ್ರಂಥದ ಮೂಲಕ ಕುಮಾರಪ್ಪನವರ ವಿಚಾರ ಹೊರದೇಶಗಳ ಓದುಗರನ್ನೂ ತಲುಪಿತು. ನದಿ, ಕಾಡು, ಗಾಳಿಗಳ ಲೆಕ್ಕ ಇಂದು ಜಗತ್ತಿಗೆ ಅನಿವಾರ್ಯವಾಗಿದೆ. ಆ ಲೆಕ್ಕದ ಪುಸ್ತಕವನ್ನು ಮೊದಲೇ ತೆರೆದಿಟ್ಟವರಲ್ಲಿ ಮುಂಬಯಿಯ ಈ ಆಡಿಟರ್ ಒಬ್ಬರೆಂಬುದು ಸ್ಮರಣೀಯ.