ಮಂಗಳೂರ ಸಮಾಚಾರದ ಮೊಗ್ಲಿಂಗ್

ಪ್ರತಿವರ್ಷ ಜುಲೈ 1ರಂದು ಕನ್ನಡಿಗರು ಪತ್ರಿಕಾ ದಿನವನ್ನು ಆಚರಿಸುತ್ತೇವೆ. 1843ರ ಆ ದಿನ ಮಂಗಳೂರಿನಲ್ಲಿ ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ' ಹೊರಬಂದಿತು. ಅದರ ಸಂಪಾದಕ ಹರ್ಮನ್ ಮೊಗ್ಲಿಂಗ್ ಕನ್ನಡ ನಾಡಿನವರಲ್ಲ, ಭಾರತೀಯರೂ ಅಲ್ಲ. ಜರ್ಮನಿಯ ವುರ್ಟೆಂಬರ್ಗ್ ಸೀಮೆಯ ಬ್ರಾಕೆನ್‌ಹೈಮ್ ಎಂಬ ಊರಿನಲ್ಲಿ 1811ರಲ್ಲಿ ಜನಿಸಿ, ಟ್ಯೂಬಿಂಗನ್ ವಿಶ್ವವಿದ್ಯಾಲಯದಲ್ಲಿ ದೇವತಾಶಾಸ್ತ್ರವನ್ನು ಓದಿ, ಬಾಸೆಲ್ ಮಿಷನ್ ಸೇರಿ 1836ರಲ್ಲಿ ಮಂಗಳೂರಿಗೆ ಬಂದವರು.

ಅಂದಿನ ಮಂಗಳೂರು ನಮ್ಮ ಮದರಾಸು ಆಧಿಪತ್ಯಕ್ಕೆ ಸೇರಿತ್ತು. ಅಲ್ಲಿನ ಕಲೆಕ್ಟರರು ಸೇಂಟ್ ಜಾರ್ಜ್ ಕೋಟೆಯ ಅಪ್ಪಣೆಯಂತೆ ನಡೆಯಬೇಕಿತ್ತು. ಕಂಪನಿಯ ಅಧಿಕಾರಿಗಳಿಗೆ ಕನ್ನಡ ಮೊದಲಾದ ದೇಶಭಾಷೆಗಳನ್ನು ಕಲಿಸಲು 1812ರಲ್ಲಿ ಸ್ಥಾಪಿತವಾದ ಕಾಲೇಜು ಮುಂದೆ ನುಂಗಂಬಾಕ್ಕಂನಲ್ಲಿ ನೆಲೆಸಿತು. ಇಂದು ಶಿಕ್ಷಣ ಇಲಾಖೆಯ ಕಚೇರಿಗಳಿರುವ ಆವರಣವೇ ಅದು. ಕಾಲೇಜ್ ರಸ್ತೆಗೆ ಆ ಹೆಸರು ಬಂದದ್ದೂ ಅದರಿಂದಲೇ. ಆ ದಾರಿಯಲ್ಲಿ ನಿತ್ಯ ಓಡಾಡುವ ನಮ್ಮಲ್ಲಿ ಎಷ್ಟು ಮಂದಿಗೆ ಇದು ತಿಳಿದಿದೆಯೋ! ಅಧಿಕಾರಿಗಳು ಕನ್ನಡ ಕಲಿತದ್ದು ಆಡಳಿತ ನಡೆಸಲು. ಮೊಗ್ಲಿಂಗ್ ಕಲಿತದ್ದು ಜನರೊಡನೆ ಮಾತನಾಡಲು, ಅವರನ್ನು ತಮ್ಮ ಮತದತ್ತ ಒಲಿಸಲು. ಎರಡನೆಯ ಕೆಲಸಕ್ಕೆ ಭಾಷೆಯ ಒಳಹೊಕ್ಕು ನೋಡಲೇಬೇಕಾಗುತ್ತದೆ.

1841ರ ವೇಳೆಗೆ ಬಲ್ಮಠದಲ್ಲಿ ಮಿಷನ್ನಿನ ಕಲ್ಲಚ್ಚಿನ ಮುದ್ರಣಾಲಯ ಆರಂಭವಾಗಿತ್ತು. ಅಚ್ಚಿನ ಮೊಳೆಗಳಿಲ್ಲದ್ದರಿಂದ ಕೈಬರಹವನ್ನೇ ಕಲ್ಲಿನ ಮೇಲೆ ಮೂಡಿಸಿ ಹಾಳೆಗೆ ಒತ್ತಬೇಕಿತ್ತು. ಹೀಗೆ ಹದಿನೈದು ದಿನಗಳಿಗೊಮ್ಮೆ ನಾಲ್ಕು ಪುಟಗಳು ಸಿದ್ಧವಾಗುತ್ತಿದ್ದವು. ಊರಿನ ವರ್ತಮಾನ, ಸರಕಾರದ ನಿರೂಪಗಳು, ಪರದೇಶಗಳ ಸುದ್ದಿ, ಅಚ್ಚರಿಯ ಸಂಗತಿಗಳು, ನೀತಿಕಥೆಗಳು ಅವುಗಳಲ್ಲಿದ್ದವು. ಸರಕಾರದ ಕಟ್ಟಳೆ ಏನೆಂಬುದನ್ನು ಕಚೇರಿಯ ಗುಮಾಸ್ತರ ಬಾಯಿಂದಲೇ ಕೇಳಬೇಕಾಗಿದ್ದ ಜನರು ಅದನ್ನು ಮೊದಲ ಬಾರಿಗೆ ತಾವೇ ಓದಿ ತಿಳಿಯುವಂತಾಯಿತು. ನಮ್ಮ ಮಟ್ಟಿಗೆ ಪತ್ರಿಕೆಯ ನಿಜವಾದ ಸಾಧನೆ ಇದೇ. ಧರ್ಮಪ್ರಚಾರದ ಉದ್ದೇಶವೊಂದೇ ಆಗಿದ್ದರೆ ಕರಪತ್ರಗಳು ಸಾಕಾಗುತ್ತಿದ್ದವು.

ಆದರೆ ಆ ಉದ್ದೇಶ ಮರೆಯಾಗಿರಲೂ ಇಲ್ಲ. 1844ರ ಜನವರಿಯಲ್ಲಿ ಆನಂದರಾವ್ ಕೌಂಡಿನ್ಯ ಎಂಬ ಸಾರಸ್ವತ ಬ್ರಾಹ್ಮಣ ತರುಣರು ಮೊಗ್ಲಿಂಗರಿಂದ ದೀಕ್ಷಾಸ್ನಾನ ಪಡೆದು, ಗುರುವಿನ ಹೆಸರನ್ನೇ ಸೇರಿಸಿಕೊಂಡು ಹರ್ಮನ್ ಆನಂದರಾವ್ ಆದರು. ಊರು ಕುದಿಯಿತು. ಮಗನನ್ನು ಕಳೆದುಕೊಂಡೆವೆಂದು ಮರುಗಿದ ಮನೆಯವರ ಸಂಕಟವನ್ನು ನಾವು ಹಗುರವಾಗಿ ಕಾಣಲಾರೆವು. ಮೊಗ್ಲಿಂಗರ ಕನ್ನಡ ಸೇವೆಯನ್ನು ಹೊಗಳುವಾಗ ಈ ಪ್ರಸಂಗವನ್ನು ಬಿಟ್ಟುಬಿಡುವುದು ವಾಡಿಕೆ. ಬಿಡುವುದು ನ್ಯಾಯವಲ್ಲ, ಇದೊಂದನ್ನೇ ಹಿಡಿದು ಉಳಿದುದನ್ನು ತಳ್ಳಿಹಾಕುವುದೂ ನ್ಯಾಯವಲ್ಲ.

ಅದೇ ವರ್ಷ ಪತ್ರಿಕೆಯ ಮುದ್ರಣ ಬಳ್ಳಾರಿಗೆ ಹೋಯಿತು. ಅಲ್ಲಿ ಅಚ್ಚಿನ ಮೊಳೆಗಳಿದ್ದವು. ಹೆಸರು 'ಕನ್ನಡ ಸಮಾಚಾರ' ಎಂದಾಯಿತು. ಸ್ವಲ್ಪ ಕಾಲದಲ್ಲೇ ಅದೂ ನಿಂತಿತು. ಹುಟ್ಟಿದ ಊರಿನಲ್ಲಿ ಒಂದು ವರ್ಷವನ್ನೂ ಪೂರೈಸದ ಈ ಉದ್ಯಮವನ್ನು ಬ್ಯಾಂಕಿನವರಾದ ನಾವು ಲಾಭದ ಪಟ್ಟಿಗೆ ಸೇರಿಸುವಂತಿಲ್ಲ!

ಮೊಗ್ಲಿಂಗರು ಮಾತ್ರ ಕೈಚೆಲ್ಲಲಿಲ್ಲ. ಮದರಾಸಿನ ನಿವೃತ್ತ ನ್ಯಾಯಾಧೀಶರಾದ ಕಾಸಾಮೇಜರ್ ಅವರು ಧನಸಹಾಯ ನೀಡಲು ಮುಂದೆ ಬಂದರು. ಎಗ್ಮೋರಿನ ರಸ್ತೆಯೊಂದರ ಫಲಕದಲ್ಲಿ ಈ ಮನೆತನದ ಹೆಸರನ್ನು ನಮ್ಮ ಓದುಗರು ಕಂಡಿರಬಹುದು. ಆ ಹಣದಿಂದ 1848ರಿಂದ 1853ರವರೆಗೆ 'ಬಿಬ್ಲಿಯೋಥೆಕಾ ಕರ್ನಾಟಿಕಾ' ಮಾಲೆಯಲ್ಲಿ ಹಳೆಯ ಕೃತಿಗಳು ಒಂದರ ಹಿಂದೊಂದು ಅಚ್ಚಾದವು. ಲಕ್ಷ್ಮೀಶನ ಜೈಮಿನಿ ಭಾರತ, ಬಸವಪುರಾಣ, ಚೆನ್ನಬಸವಪುರಾಣ ಅವುಗಳಲ್ಲಿ ಸೇರಿವೆ. ಹರಿದಾಸರ ಕೀರ್ತನೆಗಳ ಸಂಕಲನ 'ದಾಸರ ಪದಗಳು' 1850ರಲ್ಲಿ ಹೊರಬಂದಿತು. ಕನ್ನಡದ ಗಾದೆಗಳನ್ನೂ ಅವರು ಸಾವಿರಗಟ್ಟಲೆ ಕಲೆಹಾಕಿದರು. ಮತಾಂತರಕ್ಕೆಂದು ಬಂದ ಪಾದ್ರಿ ವೀರಶೈವ ಪುರಾಣಗಳನ್ನೂ ದಾಸರ ಪದಗಳನ್ನೂ ಓಲೆಗರಿಗಳಿಂದ ಬಿಡಿಸಿ ಅಚ್ಚಿಗೆ ತಂದರು. ತಾವು ಎದುರಿಸಬೇಕಾದ ಧರ್ಮವನ್ನು ಅರಿಯಲೆಂದೇ ಅವರು ಈ ಕೆಲಸಕ್ಕೆ ಕೈಹಾಕಿದ್ದಿರಬಹುದು. ಆದರೆ ಎದುರಾಳಿಯ ಗ್ರಂಥದ ಮೇಲೆ ಅಷ್ಟು ವರ್ಷ ಕಣ್ಣು ಸವೆಸುವವರು ಅದರ ಸವಿಗೆ ಒಲಿಯದೆ ಇದ್ದಾರೆಯೇ? ಜೈಮಿನಿ ಭಾರತದ ಭಾಗಗಳನ್ನು ಅವರು ಜರ್ಮನ್ ಭಾಷೆಗೆ ಅನುವಾದಿಸಿದ್ದೂ ಉಂಟು.

ಬಳಿಕ ಅವರು ಕೊಡಗಿನಲ್ಲಿ ಕೆಲಸ ಮಾಡಿದರು. ಆ ನಾಡನ್ನು ಕುರಿತ ಅವರ ಇಂಗ್ಲಿಷ್ ಗ್ರಂಥ 1855ರಲ್ಲಿ ಪ್ರಕಟವಾಯಿತು. 1858ರಲ್ಲಿ ಟ್ಯೂಬಿಂಗನ್ ವಿಶ್ವವಿದ್ಯಾಲಯವು ಅವರ ಕನ್ನಡ ಸೇವೆಗಾಗಿ ಗೌರವ ಡಾಕ್ಟರೇಟ್ ಪದವಿಯನ್ನು ನೀಡಿತು. 1860ರಲ್ಲಿ ಭಾರತವನ್ನು ಬಿಟ್ಟವರು ಮತ್ತೆ ಬರಲಿಲ್ಲ.

ಅವರು ಬಿಟ್ಟುಹೋದ ಮಂಗಳೂರು ಸುಮ್ಮನಿರಲಿಲ್ಲ. 1865ರಲ್ಲಿ ಜೆಪ್ಪುವಿನಲ್ಲಿ ಮಿಷನ್ನಿನ ಹಂಚಿನ ಕಾರ್ಖಾನೆ ಆರಂಭವಾಗಿ, ಮಂಗಳೂರು ಹಂಚು ಹಡಗೇರಿ ದೂರದೂರುಗಳ ಮಾಡುಗಳನ್ನು ಹೊದಿಸಿತು. ಮುದ್ರಣಾಲಯವೂ ಬೆಳೆಯಿತು. ಮೊಗ್ಲಿಂಗರು ಜರ್ಮನಿಯಲ್ಲಿದ್ದುಕೊಂಡೇ, ಕಿರಿಯ ಸಹೋದ್ಯೋಗಿ ಫರ್ಡಿನೆಂಡ್ ಕಿಟೆಲ್ಲರ ನಿಘಂಟು ಕಾರ್ಯಕ್ಕೆ ಒಪ್ಪಿಗೆ ದೊರಕಿಸಲು ಶ್ರಮಿಸಿದರು. 1881ರ ಮೇ 10ರಂದು ಎಸ್ಲಿಂಗನ್ ನಗರದಲ್ಲಿ ಅವರು ತೀರಿಕೊಂಡಾಗ ನಿಘಂಟು ಇನ್ನೂ ಮುಗಿದಿರಲಿಲ್ಲ. ಸುಮಾರು 70,000 ಪದಗಳ ಆ ಗ್ರಂಥ 1894ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯದಿಂದಲೇ ಹೊರಬಂದಿತು.