ಗ್ಯಾಸ್ಟನ್ ಪ್ಲಾಂಟೆ

ಬೆಳಗಾವಿ ಜಿಲ್ಲೆಯ ಖಾನಾಪುರ ತಾಲ್ಲೂಕು ಸಹ್ಯಾದ್ರಿಯ ಮಡಿಲಲ್ಲಿದೆ. ಮುಂಗಾರು ಕಾಲಿಟ್ಟಿತೆಂದರೆ ಇಲ್ಲಿ ಹಗಲಿರುಳೆನ್ನದೆ ಮಳೆ ಸುರಿಯುತ್ತದೆ. ಕಣಕುಂಬಿಯಲ್ಲಿ ಹುಟ್ಟುವ ಮಲಪ್ರಭೆ ಆ ನೀರನ್ನೆಲ್ಲ ಹೊತ್ತು ಪೂರ್ವಕ್ಕೆ ಹರಿಯುತ್ತಾಳೆ. ಸವದತ್ತಿಯ ಬಳಿ ನವಿಲುತೀರ್ಥದ ಅಣೆಕಟ್ಟು ಅದನ್ನು ತಡೆದು ಬೇಸಗೆಗೆಂದು ಕಾದಿರಿಸುತ್ತದೆ. ನೀರನ್ನು ಕೂಡಿಡಲು ಜಲಾಶಯವಿರುವಂತೆ ವಿದ್ಯುತ್ತನ್ನು ಕೂಡಿಡಲು ಬ್ಯಾಟರಿ ಇದೆ. ಮಳೆಗಾಳಿಗೆ ಮರ ಉರುಳಿ ತಂತಿ ಹರಿದ ರಾತ್ರಿ ಬೆಳಗಾವಿ ನಗರದ ಎಷ್ಟೋ ಮನೆಗಳಲ್ಲಿ ದೀಪವನ್ನು ಬೆಳಗಿಸುವುದು ಇನ್ವರ್ಟರಿಗೆ ಜೋಡಿಸಿದ ಸೀಸದ ಬ್ಯಾಟರಿ. ಈಚೆಗೆ ಕೈಯಲ್ಲಿ ಎತ್ತಿಕೊಂಡು ಹೋಗಬಲ್ಲ ವಿದ್ಯುತ್ ಪೆಟ್ಟಿಗೆಗಳೂ ಬಂದಿವೆ. ಅವು ಬರಿದಾದಾಗ ಹೊರಗಿನ ಮತ್ತೊಂದು ಬ್ಯಾಟರಿಯಿಂದ ಅವನ್ನು ತುಂಬಿಸುವುದುಂಟು. ಹೀಗೆ ಒಂದು ಬ್ಯಾಟರಿಯ ಶಕ್ತಿಯನ್ನು ಇನ್ನೊಂದರಲ್ಲಿ ಕೂಡಿಡುವುದು ಸಾಧ್ಯವೆಂದು ಕೃತಿಯಲ್ಲಿ ತೋರಿಸಿಕೊಟ್ಟ ಧೀಮಂತನೇ ಗ್ಯಾಸ್ಟನ್ ಪ್ಲಾಂಟೆ.

ಪ್ಲಾಂಟೆ 1834ರ ಏಪ್ರಿಲ್ 22ರಂದು ಫ್ರಾನ್ಸ್ ದೇಶದ ಒರ್ತೆಜ್ ಎಂಬ ಊರಿನಲ್ಲಿ ಹುಟ್ಟಿದನು. ಅವನ ತಮ್ಮ ಫ್ರಾನ್ಸಿಸ್ ಮುಂದೆ ಪಿಯಾನೊ ವಾದಕನಾಗಿ ಖ್ಯಾತಿವೆತ್ತನು. ಅಣ್ಣನ ಒಲವು ವಿಜ್ಞಾನದ ಕಡೆಗೆ. 1854ರಲ್ಲಿ ಅವನು ಪ್ಯಾರಿಸಿನ ಕಲೆ ಮತ್ತು ಕೈಗಾರಿಕೆಗಳ ಮಹಾಸಂಸ್ಥೆಯಲ್ಲಿ ಭೌತವಿಜ್ಞಾನದ ಸಹಾಯಕನಾಗಿ ಸೇರಿದನು. ಮರುವರ್ಷವೇ ಪ್ಯಾರಿಸಿನ ಬಳಿ ಹಾರಲಾರದ ದೈತ್ಯ ಪಕ್ಷಿಯೊಂದರ ಪಳೆಯುಳಿಕೆಯನ್ನು ಕಂಡುಹಿಡಿದನು. ವಿದ್ವಾಂಸರು ಅದಕ್ಕೆ ಅವನ ಹೆಸರನ್ನೇ ಸೇರಿಸಿ ಗ್ಯಾಸ್ಟಾರ್ನಿಸ್ ಎಂದು ಕರೆದರು. ಆಗ ಅವನಿನ್ನೂ ಎಳೆಯ ಯುವಕ.

ಆ ಕಾಲದಲ್ಲಿ ವಿದ್ಯುತ್ತಿಗೆ ಮುಖ್ಯ ಆಧಾರವಾಗಿದ್ದುದು ಪ್ರಾಥಮಿಕ ಕೋಶ. ಬುನ್ಸೆನ್ ಎಂಬ ಜರ್ಮನ್ ವಿಜ್ಞಾನಿಯ ಕೋಶದಲ್ಲಿ ಸತುವೂ ಇಂಗಾಲವೂ ಆಮ್ಲಗಳಲ್ಲಿ ನಿಂತಿರುತ್ತಿದ್ದವು. ಸತು ಸವೆದಂತೆಲ್ಲ ವಿದ್ಯುತ್ತು ಹುಟ್ಟುತ್ತಿತ್ತು. ಸತು ತೀರಿದರೆ ಕೋಶದ ಕೆಲಸವೂ ತೀರಿತು. ಹಲವು ಪ್ರಾಥಮಿಕ ಕೋಶಗಳಿಗೆ ಇನ್ನೊಂದು ದೋಷವೂ ಇತ್ತು. ಪ್ರವಾಹ ಹರಿದಂತೆ ಫಲಕಗಳ ಮೇಲೆ ಉಂಟಾಗುವ ಬದಲಾವಣೆಯಿಂದ ಎದುರು ದಿಕ್ಕಿನ ಪ್ರವಾಹವೊಂದು ತಲೆದೋರಿ, ಮೂಲ ಪ್ರವಾಹವನ್ನು ಕುಗ್ಗಿಸುತ್ತಿತ್ತು. ಈ ಪೀಡೆಯನ್ನು ತೊಲಗಿಸಲು ಹಲವರು ಹೆಣಗುತ್ತಿದ್ದರು. ಪ್ಲಾಂಟೆಯಾದರೋ ಅದನ್ನೇ ಅಧ್ಯಯನದ ವಸ್ತುವನ್ನಾಗಿ ಆರಿಸಿಕೊಂಡನು. ತಾಮ್ರ, ಬೆಳ್ಳಿ, ತವರ, ಚಿನ್ನ, ಪ್ಲಾಟಿನಂ ಮೊದಲಾದ ಲೋಹಗಳನ್ನು ಒಂದೊಂದಾಗಿ ಪರೀಕ್ಷಿಸಿದನು. ಎಲ್ಲಕ್ಕಿಂತ ಪ್ರಬಲವೂ ದೀರ್ಘಕಾಲ ನಿಲ್ಲುವಂಥದೂ ಆದ ಹಿಮ್ಮುಖ ಪ್ರವಾಹವನ್ನು ಕೊಟ್ಟುದು ಅಗ್ಗದ ಸೀಸ! ಇತರರು ದೋಷವೆಂದು ಬಗೆದುದರಲ್ಲಿ ಅವನು ಒಂದು ಭಂಡಾರವನ್ನೇ ಕಂಡನು.

1859ರಲ್ಲಿ ಅವನು ಎರಡು ಸೀಸದ ಹಾಳೆಗಳನ್ನು ಒಂದಕ್ಕೊಂದು ತಾಗದಂತೆ ಬೇರ್ಪಡಿಸಿ, ಚಾಪೆಯಂತೆ ಸುರುಳಿ ಸುತ್ತಿ, ನೀರು ಬೆರೆಸಿದ ಗಂಧಕಾಮ್ಲದಲ್ಲಿ ಮುಳುಗಿಸಿದನು. ಹೊರಗಿನ ಬುನ್ಸೆನ್ ಕೋಶಗಳಿಂದ ಅದಕ್ಕೆ ಪ್ರವಾಹವನ್ನು ಹಾಯಿಸಿದನು. ಒಂದು ಹಾಳೆಯ ಮೇಲೆ ಸೀಸದ ಪೆರಾಕ್ಸೈಡಿನ ಕಂದು ಲೇಪ ಕುಳಿತಿತು. ಇನ್ನೊಂದು ಸೀಸವಾಗಿಯೇ ಉಳಿಯಿತು. ಬುನ್ಸೆನ್ ಕೋಶಗಳನ್ನು ಬಿಡಿಸಿದ ಮೇಲೆ ಈ ಸುರುಳಿಯೇ ಪ್ರವಾಹವನ್ನು ಕೊಡತೊಡಗಿತು. ಬರಿದಾದರೆ ಮತ್ತೆ ತುಂಬಿಸಬಹುದಾಗಿತ್ತು. 1860ರ ಮಾರ್ಚಿಯಲ್ಲಿ ಇಂಥ ಒಂಬತ್ತು ಕೋಶಗಳ ಬ್ಯಾಟರಿಯನ್ನು ಫ್ರೆಂಚ್ ವಿಜ್ಞಾನ ಅಕಾಡೆಮಿಯ ಮುಂದಿಟ್ಟನು. ಅದೇ ವರ್ಷ, ಜನಸಾಮಾನ್ಯರಿಗೆ ವಿದ್ಯೆಯನ್ನು ಹಂಚುತ್ತಿದ್ದ ಪಾಲಿಟೆಕ್ನಿಕ್ ಸಂಘದಲ್ಲಿ ಭೌತವಿಜ್ಞಾನದ ಪ್ರಾಧ್ಯಾಪಕನೂ ಆದನು.

ಇಲ್ಲಿ ಒಂದು ನಿಯಮವನ್ನು ಗಮನಿಸಬೇಕು. ಎತ್ತರದ ಕಣಕುಂಬಿಯಿಂದ ನೀರು ನವಿಲುತೀರ್ಥಕ್ಕೆ ಇಳಿಯುತ್ತದೆಯೇ ಹೊರತು ಅಲ್ಲಿಂದ ತಾನಾಗಿ ಮೇಲೇರದು. ವಿದ್ಯುತ್ತಿನ ನಡೆಯೂ ಹೀಗೆಯೇ. ತುಂಬಿದ ಸೀಸದ ಕೋಶದ ವೋಲ್ಟೇಜು ಸುಮಾರು 2. ಬುನ್ಸೆನ್ ಕೋಶ ಒಂದರದು ಅದಕ್ಕಿಂತ ತುಸು ಕಡಿಮೆ. ಆದುದರಿಂದ ಒಂದೇ ಕೋಶ ಸಾಲದು. ಎರಡನ್ನು ಸಾಲಾಗಿ ಜೋಡಿಸಬೇಕು. ಕೊಡುವ ಬ್ಯಾಟರಿ ಕೊಳ್ಳುವುದಕ್ಕಿಂತ ಎತ್ತರದಲ್ಲಿರಬೇಕೆಂಬುದೇ ಇದರ ತಿರುಳು. ಪ್ಲಾಂಟೆ ಇನ್ನೂ ಒಂದು ಹೆಜ್ಜೆ ಮುಂದೆ ಹೋದನು. ಹಲವು ಸೀಸದ ಕೋಶಗಳನ್ನು ಸಮಾಂತರವಾಗಿ ಜೋಡಿಸಿ ತುಂಬಿಸಿದನು; ಬಳಿಕ ಅವನ್ನೇ ಸಾಲಾಗಿ ಜೋಡಿಸಿ, ಒಮ್ಮೆಲೇ ಹೆಚ್ಚಿನ ವೋಲ್ಟೇಜನ್ನು ಪಡೆದನು. ಹೀಗೆ 800 ಕೋಶಗಳನ್ನು ಒಟ್ಟುಗೂಡಿಸಿ, ಪ್ರಯೋಗಶಾಲೆಯಲ್ಲಿಯೇ ಮಿಂಚನ್ನು ಹೋಲುವ ಕಿಡಿಗಳನ್ನು ಎಬ್ಬಿಸಿ ಅಭ್ಯಸಿಸಿದನು. ಸಣ್ಣ ಪೆಟ್ಟಿಗೆಯೊಂದರಲ್ಲಿ ಸೀಸದ ಕೋಶವನ್ನಿಟ್ಟು, ಪ್ಲಾಟಿನಂ ತಂತಿಯನ್ನು ಕಾಯಿಸಿ ಮೇಣದ ಬತ್ತಿಯನ್ನು ಹೊತ್ತಿಸುವ ಸಾಧನವನ್ನೂ ರಚಿಸಿದನು. ಅದರ ಹೆಸರು ಶನಿಯ ಚಕಮಕಿ. ಹಳೆಯ ರಸವಾದಿಗಳಿಗೆ ಸೀಸವೆಂದರೆ ಶನಿಗ್ರಹದ ಲೋಹ. ಆ ಪೆಟ್ಟಿಗೆಯೂ ಹೊರಗಿನ ಪ್ರಾಥಮಿಕ ಕೋಶಗಳಿಂದಲೇ ಶಕ್ತಿಯನ್ನು ಪಡೆಯುತ್ತಿತ್ತು.

ಇಷ್ಟಾದರೂ ಲೋಕ ಅವನ ಶೋಧಕ್ಕೆ ಬೇಗನೆ ಮನೆಮಾಡಿಕೊಡಲಿಲ್ಲ. ಸತುವನ್ನು ಸುಟ್ಟು ಸೀಸವನ್ನು ತುಂಬಿಸುವುದು ದುಬಾರಿಯ ಮಾತು. ಹಾಳೆಗಳನ್ನು ಪಳಗಿಸುವುದಂತೂ ತಾಳ್ಮೆಯ ತಪಸ್ಸು. ತುಂಬಿಸುವುದು, ಬರಿದುಮಾಡುವುದು, ವಿಶ್ರಾಂತಿ ಕೊಡುವುದು, ದಿಕ್ಕು ಬದಲಿಸಿ ಮತ್ತೆ ತುಂಬಿಸುವುದು—ಹೀಗೆ ತಿಂಗಳುಗಟ್ಟಲೆ ನಡೆಯಬೇಕಾಗಿತ್ತು. ಪ್ಲಾಂಟೆ ಸುಮಾರು ಇಪ್ಪತ್ತು ವರ್ಷ ಈ ಕೆಲಸವನ್ನು ಕೈಬಿಡಲಿಲ್ಲ. ತನ್ನ ಸಂಶೋಧನೆಗಳನ್ನು 1879ರಲ್ಲಿ ಗ್ರಂಥರೂಪಕ್ಕೆ ತಂದನು. ಅಷ್ಟರಲ್ಲಿ ಡೈನಮೋ ಬಳಕೆಗೆ ಬಂದು ಅಗ್ಗದ ವಿದ್ಯುತ್ತು ದೊರೆಯತೊಡಗಿತ್ತು. 1881ರಲ್ಲಿ ಕಮೀಲ್ ಫೋರ್ ಎಂಬವನು ಹಾಳೆಗಳಿಗೆ ಸೀಸದ ಆಕ್ಸೈಡನ್ನು ಮೆತ್ತುವ ವಿಧಾನವನ್ನು ತಂದು, ತಿಂಗಳುಗಳ ಕೆಲಸವನ್ನು ಬಹಳಷ್ಟು ತಗ್ಗಿಸಿದನು. ಅದೇ ವರ್ಷ ಪ್ಯಾರಿಸಿನಲ್ಲಿ ಸೀಸದ ಬ್ಯಾಟರಿಯಿಂದ ಮೂರು ಗಾಲಿಯ ಬಂಡಿ ಓಡಿತು. ಇಂಗ್ಲೆಂಡಿನಲ್ಲಿ ರೈಲುಗಾಡಿಯ ಒಳಗೆ ವಿದ್ಯುದ್ದೀಪ ಬೆಳಗಿತು.

ಗುಡುಗು, ಮಿಂಚು, ಆಲಿಕಲ್ಲು ಮೊದಲಾದ ವಾತಾವರಣದ ವಿದ್ಯಮಾನಗಳನ್ನು ಕುರಿತ ಅವನ ಗ್ರಂಥ 1888ರಲ್ಲಿ ಹೊರಬಂದಿತು. ಮರುವರ್ಷ, 1889ರ ಮೇ 21ರಂದು, ಐವತ್ತೈದನೆಯ ವಯಸ್ಸಿನಲ್ಲಿ ಪ್ಲಾಂಟೆ ಕಾಲವಾದನು.

ಇಂದಿನ ಕೈಪೆಟ್ಟಿಗೆಗಳಲ್ಲಿ ಸೀಸದ ಬದಲು ಸಾಮಾನ್ಯವಾಗಿ ಲಿಥಿಯಂ ಇರುತ್ತದೆ. ಹೊರಗಿನ ಬ್ಯಾಟರಿಯ ವೋಲ್ಟೇಜನ್ನು ಬೇಕಾದಷ್ಟಕ್ಕೆ ಏರಿಸಿ, ಪ್ರವಾಹವನ್ನು ಹದದಲ್ಲಿಡುವ ಮಂಡಲಗಳು ಅವುಗಳಲ್ಲಿವೆ. ಅಂಥ ನಿಯಂತ್ರಣವಿಲ್ಲದೆ ಎರಡು ಬ್ಯಾಟರಿಗಳನ್ನು ಬರಿಯ ತಂತಿಯಿಂದ ಜೋಡಿಸುವುದು ಅಪಾಯಕರ. ಒಂದರಿಂದ ಇನ್ನೊಂದಕ್ಕೆ ಸಾಗುವಾಗ ಶಕ್ತಿಯ ಒಂದಂಶ ಶಾಖವಾಗಿ ಸೋರಿಹೋಗುವುದು ಅಂದಿಗೂ ಇಂದಿಗೂ ತಪ್ಪಿಲ್ಲ. ಬ್ಯಾಟರಿ ಶಕ್ತಿಯನ್ನು ಸೃಷ್ಟಿಸುವುದಿಲ್ಲ. ಕೊಟ್ಟುದನ್ನು ಕಾಪಾಡಿ, ಬೇಕಾದ ಹೊತ್ತಿಗೆ ಹಿಂದಿರುಗಿಸುತ್ತದೆ. ಮುಂಗಾರಿನ ಕಗ್ಗತ್ತಲೆಯಲ್ಲಿ ಖಾನಾಪುರದ ವಿದ್ಯಾರ್ಥಿಯೊಬ್ಬನ ಪುಸ್ತಕದ ಮೇಲೆ ಬೀಳುವ ಬೆಳಕಿನ ಹಿಂದೆ, ದೋಷದಲ್ಲಿ ಗುಣವನ್ನು ಕಂಡು, ಫಲಕ್ಕಾಗಿ ಇಪ್ಪತ್ತು ವರ್ಷ ಕಾದ ಈ ಸಾಧಕನ ತಾಳ್ಮೆಯಿದೆ.