ದೂರದರ್ಶನವನ್ನು ಹಳ್ಳಿಗೆ ತಂದ ವಿಕ್ರಮ ಸಾರಾಭಾಯಿ

ಬೆಂಗಳೂರಿನಲ್ಲಿ ದೂರದರ್ಶನ ಕೇಂದ್ರ ಆರಂಭವಾದದ್ದು 1981ರಲ್ಲಿ. ಅದಕ್ಕೆ ಆರು ವರ್ಷ ಮೊದಲೇ, ರಾಯಚೂರು ಜಿಲ್ಲೆಯ ಹಲವು ಹಳ್ಳಿಗಳ ಜನರು ದೂರದರ್ಶನವನ್ನು ನೋಡಿದ್ದರು. ರಾಜಧಾನಿಗಿಂತ ಮುಂಚೆ ಹಳ್ಳಿಗೆ! ಇದರ ಹಿಂದೆ ಒಬ್ಬ ವಿಜ್ಞಾನಿಯ ಹಠವಿತ್ತು. ಅವರೇ ವಿಕ್ರಮ ಸಾರಾಭಾಯಿ.

ಅಹಮದಾಬಾದಿನ ಸಿರಿವಂತ ಗಿರಣಿ ಮಾಲೀಕರ ಮನೆತನದಲ್ಲಿ 1919ನೆಯ ಆಗಸ್ಟ್ 12ರಂದು ಅವರು ಜನಿಸಿದರು. ಕೇಂಬ್ರಿಜ್‌ನಲ್ಲಿ ಓದುತ್ತಿದ್ದಾಗ ಎರಡನೆಯ ಮಹಾಯುದ್ಧ ಒದಗಿದ್ದರಿಂದ ಸ್ವದೇಶಕ್ಕೆ ಮರಳಿ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಿ.ವಿ. ರಾಮನ್ನರ ಮಾರ್ಗದರ್ಶನದಲ್ಲಿ ವಿಶ್ವಕಿರಣಗಳನ್ನು ಅಭ್ಯಸಿಸಿದರು. 1947ರಲ್ಲಿ ಅಹಮದಾಬಾದಿನಲ್ಲಿ ಭೌತ ಸಂಶೋಧನಾಲಯವನ್ನು ಸ್ಥಾಪಿಸಿದರು. 1963ರಲ್ಲಿ ಅವರ ನೇತೃತ್ವದಲ್ಲಿ ಕೇರಳದ ತುಂಬಾ ಎಂಬ ಮೀನುಗಾರರ ಹಳ್ಳಿಯಿಂದ ಮೊದಲ ರಾಕೆಟ್ಟು ಹಾರಿತು. ಅಲ್ಲಿ ಹಳೆಯ ಚರ್ಚೇ ಕಚೇರಿಯಾಗಿತ್ತು.

ಹೊಟ್ಟೆಗಿಲ್ಲದ ದೇಶಕ್ಕೆ ಉಪಗ್ರಹವೇಕೆಂದು ಹಲವರು ಕೇಳಿದರು. ಕೇಳತಕ್ಕ ಪ್ರಶ್ನೆಯೇ ಅದು. ಸಾರಾಭಾಯಿಯವರ ವಿಚಾರ ಬೇರೆಯಾಗಿತ್ತು. ನೆಲದ ಮೇಲೆ ಪ್ರಸಾರ ಗೋಪುರಗಳನ್ನು ಒಂದೊಂದಾಗಿ ಕಟ್ಟುತ್ತ ಹೋದರೆ ದೂರದರ್ಶನ ಮೊದಲು ನಗರಗಳಿಗೇ ದೊರೆಯುತ್ತದೆ. ಹಳ್ಳಿಗಳು ದಶಕಗಳ ಕಾಲ ಕಾಯಬೇಕು. ಸುಮಾರು 36,000 ಕಿಲೋಮೀಟರ್ ಎತ್ತರದಲ್ಲಿರುವ ಉಪಗ್ರಹಕ್ಕಾದರೋ ಪಟ್ಟಣವೂ ಒಂದೇ, ಕುಗ್ರಾಮವೂ ಒಂದೇ. 1969ರಲ್ಲಿ ಅಮೆರಿಕದ ನಾಸಾ ಸಂಸ್ಥೆಯೊಡನೆ ಒಪ್ಪಂದವಾಯಿತು. ಅದರ ಫಲವನ್ನು ಕಾಣುವ ಭಾಗ್ಯ ಅವರಿಗಿರಲಿಲ್ಲ. 1971ನೆಯ ಡಿಸೆಂಬರ್ 30ರಂದು, ತಮ್ಮ 52ನೆಯ ವಯಸ್ಸಿನಲ್ಲಿ, ಕೋವಳಂನಲ್ಲಿ ತೀರಿಕೊಂಡರು.

ಸಂಗಡಿಗರು ಕೆಲಸವನ್ನು ಕೈಬಿಡಲಿಲ್ಲ. 1975ನೆಯ ಆಗಸ್ಟ್ 1ರಂದು ಎಟಿಎಸ್-6 ಉಪಗ್ರಹದ ಮೂಲಕ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಪ್ರಸಾರ ಮೊದಲಾಯಿತು. ಕರ್ನಾಟಕದಲ್ಲಿ ರಾಯಚೂರು ಮತ್ತು ಅಂದಿನ ಗುಲ್ಬರ್ಗ, ಬಿಜಾಪುರ ಜಿಲ್ಲೆಗಳು ಆಯ್ಕೆಯಾಗಿದ್ದವು. ತಂತಿಬಲೆಯಿಂದ ಮಾಡಿದ, ದೊಡ್ಡ ಬುಟ್ಟಿಯಂಥ ಆಂಟೆನಾಗಳು ಮುಗಿಲಿಗೆ ಮುಖಮಾಡಿ ನಿಂತವು. ಬೆಳಿಗ್ಗೆ ಮಕ್ಕಳಿಗೆ ಪಾಠ, ಸಂಜೆ ಹಿರಿಯರಿಗೆ ಬೇಸಾಯ, ಆರೋಗ್ಯದ ಮಾತು, ಅದೂ ಕನ್ನಡದಲ್ಲಿ. ಆದರೆ ಉಪಗ್ರಹ ಎರವಿನದು. ವರ್ಷ ತುಂಬಿದೊಡನೆ ಅದರ ಪ್ರಸಾರ ನಿಂತುಹೋಯಿತು.

ಆ ಒಂದು ವರ್ಷದ ಅನುಭವ ಇನ್ಸಾಟ್ ವ್ಯವಸ್ಥೆಗೆ ಬುನಾದಿಯಾಯಿತು. ಚಿತ್ರ ಬಂದ ದಾರಿಯಲ್ಲಿಯೇ ಗಣಕಯಂತ್ರದ ಮಾಹಿತಿಯೂ ಬಂದಿತು: 1980ರ ದಶಕದ ಕೊನೆಯಲ್ಲಿ ನಿಕ್‌ನೆಟ್ ಜಾಲವು ಉಪಗ್ರಹದ ಮೂಲಕ ಜಿಲ್ಲಾ ಕೇಂದ್ರಗಳ ಗಣಕಯಂತ್ರಗಳನ್ನು ಬೆಸೆಯಿತು. ಈ ನಡುವೆ ದೂರದರ್ಶನವು ಪಾಠಕ್ಕಿಂತ ಜಾಹೀರಾತಿನ ಬೆನ್ನು ಹತ್ತಿದ್ದನ್ನು ಸಾರಾಭಾಯಿಯವರು ಮೆಚ್ಚುತ್ತಿದ್ದರೆಂದು ತೋರುವುದಿಲ್ಲ. 2004ರಲ್ಲಿ ಶಿಕ್ಷಣಕ್ಕೆಂದೇ ಎಜುಸ್ಯಾಟ್ ಉಪಗ್ರಹವನ್ನು ಹಾರಿಸಲಾಯಿತು. 1975ರ ಮಕ್ಕಳು ಪರದೆಯನ್ನು ಸುಮ್ಮನೆ ನೋಡಬೇಕಾಗಿತ್ತು; ಎಜುಸ್ಯಾಟಿನ ಇಮ್ಮುಖ ಸಂಪರ್ಕವಿದ್ದ ತರಗತಿಯಲ್ಲಿ ಕುಳಿತ ವಿದ್ಯಾರ್ಥಿಯು ದೂರದ ಅಧ್ಯಾಪಕರಿಗೆ ಪ್ರಶ್ನೆ ಕೇಳಬಹುದಾಗಿತ್ತು.